ಧರ್ಮದ ಗುರುತು: ಗೋಡೆ ಮೇಲಿದ್ದರೆ ಒಂದು ಲೆಕ್ಕ, ಮೈಮೇಲಿದ್ದರೆ ಇನ್ನೊಂದು

ಪ್ರಶ್ನೆ: ಶಾಲೆ, ಕೋರ್ಟು, ಸರ್ಕಾರಿ ಕಚೇರಿ, ಪಾರ್ಕು, ಎಲ್ಲೂ ಯಾವ ಧರ್ಮದ ಗುರುತೂ ಇರಬಾರದು ಅಂತ ಒಂದೇ ನಿಯಮ ಮಾಡಿಬಿಟ್ಟರೆ ಗಲಾಟೆಯೇ ಇರುವುದಿಲ್ಲ ಅಲ್ವಾ? ಎಲ್ಲರಿಗೂ ಒಂದೇ ನಿಯಮ ಅಂದಮೇಲೆ ಅದರಲ್ಲಿ ಅನ್ಯಾಯ ಏನು ಬಂತು?

ಈ ಪ್ರಶ್ನೆ ಕೇಳುವವರಲ್ಲಿ ಜಾಸ್ತಿ ಜನರದ್ದು ಒಳ್ಳೆಯ ಉದ್ದೇಶವೇ. ಜಗಳ ನೋಡಿ ನೋಡಿ ಸಾಕಾಗಿದೆ, ಒಂದೇ ಸಲಕ್ಕೆ ಬಗೆಹರಿದರೆ ಸಾಕು ಅನ್ನಿಸಿರುತ್ತದೆ. ಆದರೆ ಈ ನಿಯಮದಿಂದ ಜಗಳ ಮುಗಿಯುವುದಿಲ್ಲ. ಎರಡು ಬೇರೆ ಬೇರೆ ವಿಷಯಗಳನ್ನು ಇಲ್ಲಿ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೇವೆ.

ಒಂದು ತರಗತಿಯ ಗೋಡೆಗೆ ಶಿಲುಬೆ ನೇತುಹಾಕಿದೆ ಅಂದುಕೊಳ್ಳಿ. ಅದನ್ನು ಹಾಕಿದ್ದು ಸರ್ಕಾರ. ಅದೇ ತರಗತಿಯಲ್ಲಿ ಒಬ್ಬ ಹುಡುಗ ತಲೆಗೆ ಪೇಟ ಸುತ್ತಿಕೊಂಡು ಕೂತಿದ್ದಾನೆ. ಅದು ಅವನದು, ಅವನ ಮನೆಯವರದು. ಗೋಡೆ ಎಲ್ಲರ ತೆರಿಗೆಯಲ್ಲಿ ಎದ್ದಿದ್ದು, ತಲೆ ಅವನೊಬ್ಬನದು. ಎರಡಕ್ಕೂ ಒಂದೇ ನಿಯಮ ಅಂದರೆ ಒಂದು ಕಡೆ ಸರ್ಕಾರಕ್ಕೆ ಲಗಾಮು ಬೀಳುತ್ತದೆ, ಇನ್ನೊಂದು ಕಡೆ ಮನುಷ್ಯನಿಗೇ ಬೀಳುತ್ತದೆ. ಹಾಗಾಗಿ ಯಾವುದೇ ಇಂಥ ಗಲಾಟೆ ಸುದ್ದಿಯಾದಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಗುರುತು ಯಾರದು?

ಗೋಡೆಯಿಂದಲೇ ಶುರು ಮಾಡೋಣ. ಇಟಲಿಯ ಅಬಾನೊ ತೆರ್ಮೆ ಎಂಬ ಊರಿನ ಸರ್ಕಾರಿ ಶಾಲೆಯಲ್ಲಿ ಪ್ರತಿ ತರಗತಿಯಲ್ಲೂ ಶಿಲುಬೆ ಇತ್ತು. ಅಲ್ಲಿ ಓದುತ್ತಿದ್ದ ಅಣ್ಣತಮ್ಮಂದಿರಿಬ್ಬರಿಗೆ ಆಗ 11 ಮತ್ತು 13 ವರ್ಷ. 2002ರಲ್ಲಿ ಶಾಲೆಯ ಸಭೆಯಲ್ಲಿ ಅವರ ತಂದೆ ಇದನ್ನು ತೆಗೆಯಬಹುದಾ ಎಂದು ಕೇಳಿದರು. ಶಾಲೆ ಒಪ್ಪಲಿಲ್ಲ. ಫಿನ್‌ಲ್ಯಾಂಡ್ ಮೂಲದ ತಾಯಿ ಕೋರ್ಟಿಗೆ ಹೋದರು. ಆ ತಾಯಿಯ ಹೆಸರಿನಿಂದ ಲಾವುತ್ಸಿ ಪ್ರಕರಣ ಎಂದೇ ಇದು ಪ್ರಸಿದ್ಧವಾಯಿತು. 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಏಳೂ ನ್ಯಾಯಮೂರ್ತಿಗಳು ತಾಯಿಯ ಪರ ನಿಂತರು. 2011ರ ಮಾರ್ಚ್ 18ರಂದು ಅದೇ ನ್ಯಾಯಾಲಯದ ದೊಡ್ಡ ಪೀಠ 15-2ರಲ್ಲಿ ಆ ತೀರ್ಪನ್ನು ತಿರುಗಿಸಿತು. ಗೋಡೆ ಮೇಲಿನ ಶಿಲುಬೆ ಸುಮ್ಮನೆ ಇರುವ ಗುರುತು, ಪಾಠ ಪ್ರಾರ್ಥನೆಗಳ ಹಾಗೆ ಮಗುವಿನ ಮನಸ್ಸಿನ ಮೇಲೆ ಒತ್ತಡ ಹಾಕುವುದಿಲ್ಲ ಎಂಬುದು ಅದರ ವಾದ.

ನನಗೆ ಈ ವಾದ ಒಪ್ಪಿಗೆಯಿಲ್ಲ. ಶಾಲೆಗೆ ಹೋಗುವುದು ಮಗುವಿಗೆ ಕಡ್ಡಾಯ. ಬೆಂಚಿನಿಂದ ಎದ್ದು ಹೋಗುವ ಹಾಗಿಲ್ಲ, ಕರಿಹಲಗೆ ಕಡೆ ನೋಡದೆ ಇರುವ ಹಾಗೂ ಇಲ್ಲ. ದಾರಿಯಲ್ಲಿ ನಡೆದು ಹೋಗುವಾಗ ಕಣ್ಣಿಗೆ ಬೀಳುವ ಗುರುತಿಗೂ ವರ್ಷಗಟ್ಟಲೆ ಅದರ ಕೆಳಗೇ ಕೂತು ಓದುವುದಕ್ಕೂ ತುಂಬಾ ವ್ಯತ್ಯಾಸವಿದೆ. ಜರ್ಮನಿಯ ಸಂವಿಧಾನ ನ್ಯಾಯಾಲಯ 1995ರಲ್ಲಿ ಬವೇರಿಯಾ ರಾಜ್ಯದ ಶಾಲೆಗಳ ಪ್ರಕರಣದಲ್ಲಿ ಹೆಚ್ಚುಕಮ್ಮಿ ಇದೇ ಮಾತು ಹೇಳಿತ್ತು. ಹಾಗಂತ 2011ರ ತೀರ್ಪಿನಲ್ಲಿ ಒಂದು ಮುಖ್ಯ ಅಂಶವಿದೆ, ಅದನ್ನು ಬಿಡಬಾರದು. ಇಟಲಿಯ ಶಾಲೆಗಳಲ್ಲಿ ಮಕ್ಕಳು ಹಿಜಾಬ್ ಹಾಕಿಕೊಂಡು ಬರಬಹುದು, ಬೇರೆ ಧರ್ಮಗಳಿಗೂ ಅಲ್ಲಿ ಜಾಗವಿದೆ ಎಂಬುದನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಅಂದರೆ ಗೋಡೆ ಒಂದನ್ನೇ ನೋಡಲಿಲ್ಲ, ಗೋಡೆಯ ಕೆಳಗೆ ಕೂತವರಿಗೆ ಎಷ್ಟು ಸ್ವಾತಂತ್ರ್ಯ ಇದೆ ಅನ್ನುವುದನ್ನೂ ನೋಡಿತು.

ಗೋಡೆಯ ಗುರುತನ್ನು ಉಳಿಸಿಕೊಳ್ಳಲು ಸರ್ಕಾರಗಳು ಹೂಡುವ ವಾದ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. ಇದು ಧರ್ಮವಲ್ಲ, ನಮ್ಮ ಸಂಸ್ಕೃತಿ ಅನ್ನುವ ವಾದ. ಲಾವುತ್ಸಿ ಪ್ರಕರಣ ಇಟಲಿಯಲ್ಲೇ ಇದ್ದಾಗ, 2005ರಲ್ಲಿ, ಅಲ್ಲಿನ ಆಡಳಿತ ನ್ಯಾಯಾಲಯವೊಂದು ಶಿಲುಬೆ ಸಮಾನತೆ, ಸ್ವಾತಂತ್ರ್ಯ, ಸಹನೆ, ಕೊನೆಗೆ ಸರ್ಕಾರದ ಜಾತ್ಯತೀತತೆಯ ಗುರುತೂ ಹೌದು ಎಂದಿತ್ತು. ಶಿಲುಬೆಯ ಮುಂದೆ ಮೊಣಕಾಲೂರಿ ಪ್ರಾರ್ಥಿಸುವ ಒಬ್ಬ ಅಜ್ಜಿಗೆ ಈ ಮಾತು ಹೇಗೆ ಕೇಳಿಸಬೇಕು? ಅವರ ಪಾಲಿಗೆ ಅದು ದೇವರು ಪ್ರಾಣ ಕೊಟ್ಟ ಜಾಗ.

ಅಮೆರಿಕದಲ್ಲೂ ಇದೇ ಆಯಿತು. ರೋಡ್ ಐಲ್ಯಾಂಡ್‌ನ ಪಾಟಕೆಟ್ ನಗರಾಡಳಿತ ಪ್ರತಿ ವರ್ಷ ಕ್ರಿಸ್‌ಮಸ್‌ಗೆ, ಯೇಸು ಹುಟ್ಟಿದ ದೃಶ್ಯವನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿ ಇಡುತ್ತಿತ್ತು. ಅದರ ಸುತ್ತ ಸಾಂತಾಕ್ಲಾಸ್‌ನ ಬಂಡಿ, ಅದನ್ನು ಎಳೆಯುವ ಹಿಮಸಾರಂಗಗಳು, ಕ್ರಿಸ್‌ಮಸ್ ಮರ, ಜೋಕರ್, ಆನೆ, ಟೆಡ್ಡಿ ಕರಡಿಯ ಬೊಂಬೆಗಳು. 1984ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇಷ್ಟೆಲ್ಲದರ ಮಧ್ಯೆ ಇರುವುದರಿಂದ ಅದು ಹಬ್ಬದ ಅಲಂಕಾರದ ಒಂದು ಭಾಗ ಅಂದಿತು. ಐದು ವರ್ಷದ ನಂತರ ಪಿಟ್ಸ್‌ಬರ್ಗ್‌ನ ಪ್ರಕರಣ ಬಂತು. ಅಲ್ಲಿ ಕೋರ್ಟ್ ಕಟ್ಟಡದ ದೊಡ್ಡ ಮೆಟ್ಟಿಲಿನ ಮೇಲೆ ಗೋದಲಿ ಒಂಟಿಯಾಗಿತ್ತು. ಅದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಾಯಿತು. ಇನ್ನೊಂದು ಸರ್ಕಾರಿ ಕಟ್ಟಡದ ಹೊರಗಿದ್ದ ಯಹೂದಿಗಳ 18 ಅಡಿಯ ಮೆನೋರಾ ದೀಪ ಮಾತ್ರ ಉಳಿಯಿತು, ಪಕ್ಕದಲ್ಲಿ 45 ಅಡಿಯ ಕ್ರಿಸ್‌ಮಸ್ ಮರ ಇತ್ತಲ್ಲ. ಪಾಟಕೆಟ್ ತೀರ್ಪಿಗೆ ಒಪ್ಪದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಆಗಲೇ ಎಚ್ಚರಿಸಿದ್ದರು: ಇಂಥ ಕಡೆ ಕ್ರೈಸ್ತರಿಗೆ ತಮ್ಮ ಗುರುತಿನ ನಿಜವಾದ ಅರ್ಥ ಬಾಯಿಬಿಟ್ಟು ಹೇಳಲಾಗದು, ಉಳಿದವರಿಗೆ ಅಲ್ಲಿ ತಾವು ಹೊರಗಿನವರು ಅನ್ನಿಸುತ್ತದೆ.

2018ರಲ್ಲಿ ಬವೇರಿಯಾದ ಮುಖ್ಯಸ್ಥ ಮಾರ್ಕುಸ್ ಸೋಡರ್ ಎಲ್ಲ ಸರ್ಕಾರಿ ಕಚೇರಿಗಳ ಬಾಗಿಲ ಬಳಿ ಶಿಲುಬೆ ಹಾಕಬೇಕು ಎಂಬ ಆದೇಶ ತಂದರು. ಅದನ್ನು ಜೋರಾಗಿ ವಿರೋಧಿಸಿದವರಲ್ಲಿ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು, ಮ್ಯೂನಿಕ್‌ನ ಕಾರ್ಡಿನಲ್ ರೈನ್‌ಹಾರ್ಡ್ ಮಾರ್ಕ್ಸ್ ಒಬ್ಬರು. ಶಿಲುಬೆಯನ್ನು ಬರೀ ಸಂಸ್ಕೃತಿಯ ಗುರುತು ಮಾಡಿದರೆ ಅದನ್ನು ಅರ್ಥ ಮಾಡಿಕೊಂಡ ಹಾಗಾಗಲಿಲ್ಲ, ಸರ್ಕಾರ ಅದನ್ನು ತನ್ನದಾಗಿಸಿಕೊಂಡ ಹಾಗಾಯಿತು ಎಂಬುದು ಅವರ ನೋವು. ಕೋರ್ಟು 2023ರಲ್ಲಿ ಆದೇಶವನ್ನು ಎತ್ತಿಹಿಡಿಯಿತು. ಆದರೂ ಕಾರ್ಡಿನಲ್ ಹೇಳಿದ್ದೇ ಸರಿ ಅನ್ನಿಸುತ್ತದೆ ನನಗೆ. ಸರ್ಕಾರದ ಗೋಡೆ ಖಾಲಿ ಇರಲಿ ಎಂದು ಕೇಳುವುದು ನಂಬಿಕೆ ಇಲ್ಲದವರ ಬೇಡಿಕೆ ಮಾತ್ರ ಅಂತ ಯಾರೂ ತಿಳಿಯಬೇಕಾಗಿಲ್ಲ.

ಹಾಗಾದರೆ ನೂರಾರು ವರ್ಷದಿಂದ ಇರುವುದನ್ನೆಲ್ಲ ಕಿತ್ತು ಹಾಕಬೇಕಾ? ಬೇಡ. ಫ್ರಾನ್ಸ್‌ನ 1905ರ ಕಾನೂನು ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಅದು ಕೂಡ ಸಾರ್ವಜನಿಕ ಜಾಗದಲ್ಲಿ ಧಾರ್ಮಿಕ ಗುರುತು ಹಾಕಬಾರದು ಎಂದಿದ್ದು ‘ಇನ್ನು ಮುಂದೆ’. ಹಳೆಯದನ್ನು ಮುಟ್ಟಲಿಲ್ಲ. ಸ್ಮಶಾನ, ಮ್ಯೂಸಿಯಂ, ಪೂಜೆಯ ಕಟ್ಟಡಗಳನ್ನು ಹೊರಗಿಟ್ಟಿತು. 2006ರಲ್ಲಿ ಪ್ಲೋಎರ್ಮೆಲ್ ಎಂಬ ಊರಿನ ಚೌಕದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರ ಪ್ರತಿಮೆ ನಿಂತಿತು, ಮೇಲೆ ಕಮಾನು, ಕಮಾನಿನ ತುದಿಗೆ ಶಿಲುಬೆ. 2017ರಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಪ್ರತಿಮೆ ಮತ್ತು ಕಮಾನು ಇರಲಿ, ಶಿಲುಬೆ ಮಾತ್ರ ಹೋಗಬೇಕು ಎಂದಿತು. ಅದು 1905ರ ನಂತರ ಸರ್ಕಾರಿ ಜಾಗಕ್ಕೆ ಬಂದದ್ದು ಅನ್ನುವುದೇ ಕಾರಣ.

ಅಮೆರಿಕದ ಸುಪ್ರೀಂ ಕೋರ್ಟ್ 2005ರ ಜೂನ್ 27ರಂದು ಒಂದೇ ದಿನ ಬೈಬಲಿನ ದಶಾಜ್ಞೆಗಳ ಬಗ್ಗೆ ಎರಡು ತೀರ್ಪು ಕೊಟ್ಟಿತು. ಟೆಕ್ಸಸ್ ವಿಧಾನಸಭೆಯ ಆವರಣದಲ್ಲಿ ಅವನ್ನು ಕೆತ್ತಿದ್ದ ಕಲ್ಲು ಇರಲಿ ಅಂದಿತು, ಕೆಂಟಕಿಯ ಕೋರ್ಟ್ ಕಟ್ಟಡಗಳಲ್ಲಿ ತೂಗುಹಾಕಿದ್ದು ಬೇಡ ಅಂದಿತು. ಎರಡೂ 5-4. ಎರಡರಲ್ಲೂ ಗೆದ್ದ ಕಡೆ ಇದ್ದವರು ನ್ಯಾಯಮೂರ್ತಿ ಬ್ರೇಯರ್ ಒಬ್ಬರೇ. ಟೆಕ್ಸಸ್‌ನ ಕಲ್ಲು 40 ವರ್ಷ ಯಾರಿಗೂ ತೊಂದರೆ ಕೊಡದೆ ನಿಂತಿತ್ತು, ಈಗ ಕಿತ್ತರೆ ಅದೇ ಹೊಸ ಒಡಕು ತರುತ್ತದೆ ಎಂದು ಅವರು ಬರೆದರು. ಕೆಂಟಕಿಯಲ್ಲಿ ಹೊಸದಾಗಿ ಹಾಕಿದ್ದು, ಹಾಕಿದವರ ಧಾರ್ಮಿಕ ಉದ್ದೇಶವೂ ಎದ್ದು ಕಾಣುತ್ತಿತ್ತು. ಈ ವಿವೇಕ ನನಗೆ ಹಿಡಿಸುತ್ತದೆ. ಹಳೆಯದನ್ನು ಕೀಳುವುದೂ ಒಂದು ಹೇಳಿಕೆಯೇ. ಹೊಸದಾಗಿ ನೆಡುವುದಂತೂ ‘ಈ ಜಾಗ ನಮ್ಮದು’ ಅಂತ ಹೇಳಲಿಕ್ಕೇ ಎಷ್ಟೋ ಸಲ.

ಈಗ ಮೈಮೇಲಿನ ಗುರುತಿಗೆ ಬರೋಣ. ‘ಎಲ್ಲರಿಗೂ ಒಂದೇ ನಿಯಮ’ ಅನ್ನುವ ಮಾತು ಎಡವುವುದು ಇಲ್ಲೇ. 2004ರಲ್ಲಿ ಫ್ರಾನ್ಸ್ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನು ಮಕ್ಕಳಿಗೆ ನಿಷೇಧಿಸಿತು. ಸರದಲ್ಲಿ ಪುಟ್ಟ ಶಿಲುಬೆ ಇದ್ದರೆ ಪರವಾಗಿಲ್ಲ. ಅಕ್ಷರದಲ್ಲಿ ನೋಡಿದರೆ ಎಲ್ಲ ಧರ್ಮಕ್ಕೂ ಒಂದೇ ಕಾನೂನು. ಆದರೆ ಕ್ರೈಸ್ತ ಹುಡುಗಿ ಬೆಳಿಗ್ಗೆ ಎದ್ದು ಏನನ್ನೂ ಬದಲಾಯಿಸದೆ ಶಾಲೆಗೆ ಹೋದಳು. ಸಿಖ್ ಹುಡುಗನ ಮುಂದೆ ಎರಡೇ ದಾರಿ: ಪೇಟ ಬಿಚ್ಚು ಅಥವಾ ಶಾಲೆ ಬಿಡು. ಕೆಲವು ಸಿಖ್ ಹುಡುಗರನ್ನು ಹೊರಗೆ ಹಾಕಿಯೂ ಬಿಟ್ಟರು. ಅಂಥ ಒಬ್ಬ ವಿದ್ಯಾರ್ಥಿಯ ದೂರಿನ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2012ರಲ್ಲಿ ಅವನ ಹಕ್ಕಿಗೆ ಧಕ್ಕೆಯಾಗಿದೆ ಎಂದಿತು. ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಟ್ಟರೆ ಅದು ಸಮಾನತೆ ಹೌದಾ? ಉಡುಪಿನ ಕಟ್ಟಳೆ ಇಲ್ಲದ ಧರ್ಮದವರಿಗೆ ಈ ನಿಯಮದ ಭಾರವೇ ಗೊತ್ತಾಗುವುದಿಲ್ಲ. ಆ ಭಾರವೆಲ್ಲ ಕಟ್ಟಳೆ ಇರುವವರ ಮೇಲೆ ಬೀಳುತ್ತದೆ.

ಇದರ ಎದುರು ಒಂದು ಗಟ್ಟಿ ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಮನೆಯವರ, ಓಣಿಯವರ ಒತ್ತಾಯಕ್ಕೆ ತಲೆ ಮುಚ್ಚಿಕೊಳ್ಳುವ ಹುಡುಗಿಯರಿದ್ದಾರೆ, ಶಾಲೆಯ ಹೊತ್ತಾದರೂ ಅವರಿಗೆ ಬಿಡುಗಡೆ ಸಿಗಲಿ ಎಂಬುದು. ಫ್ರಾನ್ಸ್‌ನ ಕಾನೂನಿಗೆ ಮೊದಲು ವರದಿ ಕೊಟ್ಟ ಸ್ಟಾಸಿ ಆಯೋಗಕ್ಕೆ ಇದೇ ಚಿಂತೆ ಇತ್ತು. ಒತ್ತಾಯ ಎಷ್ಟು ಕ್ರೂರವಾಗಬಹುದು ಎಂಬುದನ್ನು 2022ರಲ್ಲಿ ಇರಾನ್‌ನಲ್ಲಿ ಪೊಲೀಸ್ ವಶದಲ್ಲಿದ್ದಾಗ ತೀರಿಕೊಂಡ ಮಹ್ಸಾ ಅಮಿನಿ ಪ್ರಕರಣ ಇಡೀ ಜಗತ್ತಿಗೆ ತೋರಿಸಿತು. ಹಾಗಂತ ಸರ್ಕಾರ ಹಾಕಿಕೋ ಅನ್ನುವುದು ತಪ್ಪಾದರೆ ತೆಗಿ ಅನ್ನುವುದು ಹೇಗೆ ಸರಿಯಾದೀತು? ಎರಡರಲ್ಲೂ ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ತಾನಾಗಿ ಧರಿಸುವವಳಿಗೆ ಶಾಲೆ ಬಾಗಿಲು ಮುಚ್ಚುತ್ತದೆ. ಬಲವಂತಕ್ಕೆ ಧರಿಸುವವಳನ್ನು ಮನೆಯವರು ಶಾಲೆಯಿಂದಲೇ ಬಿಡಿಸುವ ಅಪಾಯವಿದೆ. ಓದು ನಿಂತರೆ ಆಮೇಲೆ ಅವಳಿಗೆ ಹೊರಬರುವ ದಾರಿ ಯಾವುದು? ಇದು ಸುಲಭದ ಪ್ರಶ್ನೆ ಅಂತ ನಾನು ಹೇಳುವುದಿಲ್ಲ. ತರಗತಿಯಲ್ಲಿ ಹಿಜಾಬ್ ಬಗ್ಗೆ 2022ರ ಅಕ್ಟೋಬರ್‌ನಲ್ಲಿ ಭಾರತದ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಬರೆದರು. ಒಬ್ಬರು ಸಮವಸ್ತ್ರದ ಸಮಾನತೆ ಮುಖ್ಯ ಅಂದರು, ಇನ್ನೊಬ್ಬರು ಹುಡುಗಿಯರ ಓದು ಮುಖ್ಯ ಅಂದರು. ನನ್ನ ಮನಸ್ಸು ಓದಿನ ಕಡೆಗಿದೆ.

ಟೀಚರ್, ಪೊಲೀಸ್, ನ್ಯಾಯಾಧೀಶರ ವಿಷಯ ಇವೆರಡರ ಮಧ್ಯದ್ದು. ಮೈ ಅವರದೇ, ಆದರೆ ಅಧಿಕಾರ ಸರ್ಕಾರದ್ದು. ಕೆನಡಾದ ಕ್ವಿಬೆಕ್ ಪ್ರಾಂತ್ಯ 2019ರ ಜೂನ್ 16ರಂದು ಇಂಥ ಹುದ್ದೆಗಳಲ್ಲಿ ಧಾರ್ಮಿಕ ಗುರುತು ಧರಿಸುವುದನ್ನು ನಿಷೇಧಿಸಿತು. ಆ ಮಸೂದೆ ಪಾಸಾದ ಸದನದಲ್ಲಿ, ಸಭಾಧ್ಯಕ್ಷರ ಕುರ್ಚಿಯ ಮೇಲ್ಗಡೆ, ಅವತ್ತು ಕೂಡ ಶಿಲುಬೆ ಇತ್ತು. 1936ರಲ್ಲಿ ಹಾಕಿದ್ದು ಅದು. 2008ರಲ್ಲೇ ಒಂದು ಆಯೋಗ ಅದನ್ನು ತೆಗೆಯಿರಿ ಎಂದಿತ್ತು, ಸದನ ಅದೇ ದಿನ ಒಮ್ಮತದಿಂದ ಇರಲಿ ಎಂದಿತ್ತು. ಕೊನೆಗೆ ತೆಗೆದದ್ದು 2019ರ ಜುಲೈ 9ರಂದು. ಎರಡು ವರ್ಷದ ನಂತರ ಚೆಲ್ಸಿ ಎಂಬ ಊರಿನ ಮೂರನೇ ತರಗತಿಯ ಟೀಚರ್ ಒಬ್ಬರನ್ನು ಹಿಜಾಬ್ ಕಾರಣಕ್ಕೆ ತರಗತಿಯಿಂದ ಹೊರಗಿನ ಕೆಲಸಕ್ಕೆ ಹಾಕಿದರು. ಪಾಠದ ಬಗ್ಗೆ ದೂರು ಇರಲಿಲ್ಲ. ಮಕ್ಕಳ ತಂದೆತಾಯಿಗಳೇ ಬೀದಿಗಿಳಿದರು.

ಜರ್ಮನಿಯ ಸಂವಿಧಾನ ನ್ಯಾಯಾಲಯ 2015ರಲ್ಲಿ ತೋರಿಸಿದ ದಾರಿ ಇದಕ್ಕಿಂತ ಒಳ್ಳೆಯದು. ತಲೆವಸ್ತ್ರ ಹಾಕಿದ ಮಾತ್ರಕ್ಕೆ ಟೀಚರನ್ನು ತಡೆಯಬೇಡಿ, ಶಾಲೆಯ ನೆಮ್ಮದಿಗೆ ಕಣ್ಣಿಗೆ ಕಾಣುವ ಅಪಾಯ ಇದ್ದರೆ ಮಾತ್ರ ತಡೆಯಿರಿ ಎಂದಿತು ಅದು. ನ್ಯಾಯಪೀಠದ ವಿಷಯದಲ್ಲಿ ಮಾತ್ರ ಅದೇ ನ್ಯಾಯಾಲಯ 2020ರಲ್ಲಿ ಹೆಚ್ಚು ಬಿಗಿಯಾಯಿತು. ಕೋರ್ಟಿನಲ್ಲಿ ತರಬೇತಿ ಪಡೆಯುವ ಕಾನೂನು ಪದವೀಧರರಿಗೆ ಹಾಕಿದ್ದ ನಿಷೇಧವನ್ನು ಒಪ್ಪಿಕೊಂಡಿತು. ಆ ವ್ಯತ್ಯಾಸ ನನಗೆ ಅರ್ಥವಾಗುತ್ತದೆ. ಟೀಚರ್ ಜತೆ ಮಕ್ಕಳು ವರ್ಷವಿಡೀ ಒಡನಾಡುತ್ತಾರೆ, ಆಕೆಯ ಮನಸ್ಸು ಗೊತ್ತಾಗುತ್ತದೆ. ನ್ಯಾಯಾಧೀಶರನ್ನು ಕಕ್ಷಿದಾರ ಅರ್ಧ ಗಂಟೆ ನೋಡುತ್ತಾನೆ, ಅಷ್ಟರಲ್ಲೇ ನಂಬಬೇಕು.

ಕೆಲಸದ ಅಗತ್ಯವೇ ಬೇರೆ ಇದ್ದರೆ ಅದೂ ನ್ಯಾಯವೇ. ಬ್ರಿಟನ್ನಿನ ಎರಡು ಪ್ರಕರಣಗಳು 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಒಟ್ಟಿಗೆ ತೀರ್ಮಾನವಾದವು. ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಕೂರುವ ಮಹಿಳೆ ಸಣ್ಣ ಶಿಲುಬೆ ಧರಿಸುವುದನ್ನು ತಡೆದದ್ದು ತಪ್ಪು ಎಂದು ತೀರ್ಪಾಯಿತು. ನರ್ಸ್ ಒಬ್ಬರಿಗೆ ಆಸ್ಪತ್ರೆಯವರು ಕತ್ತಿನ ಸರದ ಶಿಲುಬೆ ಬೇಡ ಎಂದದ್ದು ಸರಿ ಎಂದಾಯಿತು, ಸರ ರೋಗಿಯ ಕೈಗೆ ಸಿಕ್ಕಬಹುದು, ಗಾಯಕ್ಕೆ ತಾಗಬಹುದು. ಗುರುತು ಅದೇ. ಕಾರಣ ಬೇರೆ.

ಇನ್ನು ಪಾರ್ಕು, ಚೌಕ, ಧ್ವಜಸ್ತಂಭ. ಇಲ್ಲಿ ಸರ್ಕಾರ ತಾನೇ ಮಾತಾಡುತ್ತಿದೆಯೋ, ಜಾಗವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆಯೋ ಅನ್ನುವುದು ಮೊದಲು ತಿಳಿಯಬೇಕು. ಬಾಸ್ಟನ್ ನಗರಸಭೆ ಎದುರಿನ ಒಂದು ಧ್ವಜಸ್ತಂಭವನ್ನು ಸಂಘಸಂಸ್ಥೆಗಳಿಗೆ ಕೊಡುತ್ತಿದ್ದರು. 2005ರಿಂದ 2017ರ ತನಕ 284 ಸಲ ಬಾವುಟ ಹಾರಿತ್ತು, ಒಂದನ್ನೂ ಬೇಡ ಅಂದಿರಲಿಲ್ಲ. ಒಂದು ಕ್ರೈಸ್ತ ಗುಂಪು ಕೇಳಿದಾಗ ಮಾತ್ರ ಇಲ್ಲ ಅಂದರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಆ ಗುಂಪಿನ ಪರ ನಿಂತರು. ಬಾಗಿಲು ತೆರೆದ ಮೇಲೆ ಧರ್ಮದ ಹೆಸರಲ್ಲಿ ಒಬ್ಬರನ್ನು ಹೊರಗಿಡುವ ಹಾಗಿಲ್ಲ. ಆ ಬಾವುಟ ಅದೇ ಆಗಸ್ಟ್‌ನಲ್ಲಿ ಹಾರಿತು. ನಂತರ ನಗರಸಭೆ ನಿಯಮ ಬದಲಾಯಿಸಿ, ಆ ಕಂಬದ ಮೇಲೆ ಇನ್ನು ನಗರವೇ ತೀರ್ಮಾನಿಸಿದ ಬಾವುಟಗಳು ಮಾತ್ರ ಎಂದು ಗೊತ್ತುಮಾಡಿತು.