ಓದುಗರ ಪ್ರಶ್ನೆ: ಆರ್ಮಿ, ನೇವಿ, ಏರ್‌ಫೋರ್ಸ್, ಬಿಎಸ್‌ಎಫ್ ಎಲ್ಲ ಒಂದೇನಾ?

ಪ್ರಶ್ನೆ: ನನ್ನ ತಮ್ಮ ಗಂಗಾವತಿಯಲ್ಲಿ ಸೆಕೆಂಡ್ ಪಿಯುಸಿ ಆರ್ಟ್ಸ್ ಓದುತ್ತಿದ್ದಾನೆ. ಸೇರಿದರೆ ಮಿಲಿಟ್ರಿಗೇ ಅಂತ ಹಟ ಹಿಡಿದಿದ್ದಾನೆ. ಯಾವುದಕ್ಕೆ ಅರ್ಜಿ ಹಾಕಿಸಲಿ?

ಉತ್ತರ: ಮೊದಲು ಬಿಎಸ್‌ಎಫ್, ಅಂದರೆ ಗಡಿ ಭದ್ರತಾ ಪಡೆಯ ವಿಷಯ. ನಮ್ಮ ಕಡೆ ಬಂದೂಕು ಹಿಡಿದು ಗಡಿಗೆ ಹೋದವರೆಲ್ಲ ಮಿಲಿಟ್ರಿಯವರೇ. ಆದರೆ ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಇವೆಲ್ಲ ಗೃಹ ಸಚಿವಾಲಯದ ಪಡೆಗಳು. ಅಲ್ಲಿ ಕಾನ್‌ಸ್ಟೆಬಲ್ ಆಗಲು ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಜಿಡಿ, ಅಂದರೆ ಜನರಲ್ ಡ್ಯೂಟಿ ಪರೀಕ್ಷೆ ಬರೆಯಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಕೆಲಸ ಕಾಯಂ.

ಆರ್ಮಿ, ನೇವಿ, ಏರ್‌ಫೋರ್ಸ್ ರಕ್ಷಣಾ ಸಚಿವಾಲಯದವು. ಇಲ್ಲಿ ಸಿಪಾಯಿ ಮಟ್ಟದಲ್ಲಿ 2022ರಿಂದ ಅಗ್ನಿವೀರರಾಗಿಯೇ ಸೇರಬೇಕು. ನಾಲ್ಕು ವರ್ಷ ಸೇವೆ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ. ಉಳಿದವರು ಸುಮಾರು 10 ಲಕ್ಷ ರೂಪಾಯಿ ಸೇವಾ ನಿಧಿ ತಗೊಂಡು ಊರಿಗೆ ಬರುತ್ತಾರೆ, ಪಿಂಚಣಿ ಇರುವುದಿಲ್ಲ. ಅರ್ಜಿ ಹಾಕುವ ಮುಂಚೆಯೇ ಮನೆಯವರೆಲ್ಲ ಕೂತು ಇದನ್ನು ಮಾತಾಡಿಕೊಳ್ಳಿ. ಇಪ್ಪತ್ತೆರಡರ ಹುಡುಗನಿಗೆ ಮುಂದೇನು ಅನ್ನುವುದು ಸಣ್ಣ ವಿಷಯ ಅಲ್ಲ.

ಇನ್ನು ತಮ್ಮನ ಅಂಕಪಟ್ಟಿ. ನೇವಿಯ ಎಸ್‌ಎಸ್‌ಆರ್ ವಿಭಾಗಕ್ಕೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಬೇಕು, ಹಾಗಾಗಿ ಅದು ಅವನಿಗಿಲ್ಲ. ಹತ್ತನೇ ತರಗತಿ ಮೇಲೆ ತೆಗೆದುಕೊಳ್ಳುವ ಎಂಆರ್ ಇದೆ. ಅಲ್ಲಿ ಸಿಗುವುದು ಹೆಚ್ಚಾಗಿ ಅಡುಗೆ, ಊಟ ಬಡಿಸುವುದು, ಸ್ವಚ್ಛತೆಯ ಕೆಲಸ. ಗೊತ್ತಿದ್ದು ಹೋಗುವುದಾದರೆ ಒಳ್ಳೆಯದೇ. ಏರ್‌ಫೋರ್ಸ್‌ಗೆ ಆರ್ಟ್ಸ್‌ನವರೂ ಅರ್ಜಿ ಹಾಕಬಹುದು, ಒಟ್ಟು 50, ಇಂಗ್ಲಿಷಿನಲ್ಲೂ 50 ಪರ್ಸೆಂಟ್ ಇರಬೇಕು. ಆದರೆ ಅಗ್ನಿವೀರರಾಗಿ ಸೇರಿದವರು ವಿಮಾನ ಹಾರಿಸುವುದಿಲ್ಲ. ಪೈಲಟ್‌ಗಳು ಅಧಿಕಾರಿಗಳು, ಅವರ ದಾರಿಯೇ ಬೇರೆ.

ನನ್ನ ಪ್ರಕಾರ ಅವನಿಗೆ ಹತ್ತಿರದ ದಾರಿ ಆರ್ಮಿ. ಅದರೊಳಗೂ ವಿಭಾಗ ನೋಡಿ ಆರಿಸಬೇಕು. ಟೆಕ್ನಿಕಲ್‌ಗೆ ಸೈನ್ಸ್ ಬೇಕು. ಪಿಯುಸಿಯಲ್ಲಿ 60 ಪರ್ಸೆಂಟ್ ಬಂದು, ಪ್ರತಿ ವಿಷಯದಲ್ಲೂ 50 ಇದ್ದು, ಇಂಗ್ಲಿಷಿನ ಜೊತೆ ಗಣಿತ ಇಲ್ಲವೇ ಅಕೌಂಟ್ಸ್ ಕೂಡ ಓದಿದ್ದರೆ ಕ್ಲರ್ಕ್ ವಿಭಾಗ ಬಿಡಬೇಡಿ. ಆರ್ಮಿಯದೇ ಆದ ಜಿಡಿಗೆ (ಸಾಮಾನ್ಯ ಸಿಪಾಯಿ ಕೆಲಸ) ಎಸ್ಸೆಸ್ಸೆಲ್ಸಿಯಲ್ಲಿ 45 ಪರ್ಸೆಂಟ್ ಸಾಕು, ಪೈಪೋಟಿ ಮಾತ್ರ ಜಾಸ್ತಿ. ಜಿಡಿಗೆ ಆಯ್ಕೆಯಾದವನು ಪದಾತಿದಳಕ್ಕೂ ಹೋಗಬಹುದು, ಫಿರಂಗಿ ದಳಕ್ಕೂ ಹೋಗಬಹುದು. ‘ಬೆಳಗಾವಿಯ ಮರಾಠಾ ರೆಜಿಮೆಂಟೇ ಬೇಕು’ ಅಂತ ಕೂತರೆ ಆಗಲ್ಲ, ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಸೇನೆಯೇ ತೀರ್ಮಾನಿಸುತ್ತದೆ.

ಈಗ ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ಮೈದಾನದ ದೈಹಿಕ ಪರೀಕ್ಷೆ, ಅಂದರೆ ರ‍್ಯಾಲಿ. ಸುಮ್ನೆ ಓಡುತ್ತಾ ಪುಸ್ತಕ ಮುಟ್ಟದಿದ್ದರೆ ಮೈದಾನದವರೆಗೂ ಹೋಗುವುದಿಲ್ಲ. ರ‍್ಯಾಲಿಯಲ್ಲಿ 1600 ಮೀಟರ್ ಓಟ, ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಜಿಡಿಗೆ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಮೊದಲ ಸುತ್ತಿನಲ್ಲೇ ದಮ್ಮು ಕಳೆದುಕೊಳ್ಳುವ ಹುಡುಗರು ಬಹಳ, ಸುತ್ತಿಗೆ 80 ಸೆಕೆಂಡಿನ ಲೆಕ್ಕದಲ್ಲಿ ಓಡುವುದನ್ನು ಈಗಿನಿಂದಲೇ ರೂಢಿಸಲಿ. ಆಮೇಲೆ ಪುಲ್ ಅಪ್, ಹತ್ತು ತೆಗೆದರೆ 40 ಅಂಕ.

ಕೊನೆಗೊಂದು ಮಾತು. ನಿಮ್ಮ ಗಂಗಾವತಿ ಇರುವ ಕೊಪ್ಪಳ, ಪಕ್ಕದ ರಾಯಚೂರು ಜಿಲ್ಲೆಗಳು ಬೆಳಗಾವಿ ಸೇನಾ ಭರ್ತಿ ಕಚೇರಿಗೆ ಸೇರುತ್ತವೆ, ಬಳ್ಳಾರಿ ಬೆಂಗಳೂರಿನದಕ್ಕೆ. ಹೊಳೆಯಾಚೆ ಬಳ್ಳಾರಿ ಜಿಲ್ಲೆಯ ಕಂಪ್ಲಿಯ ಗೆಳೆಯನ ಜೊತೆ ನಿಮ್ಮ ತಮ್ಮ ಓಡಿ ತಯಾರಾಗಬಹುದು, ಆದರೆ ಇಬ್ಬರ ರ‍್ಯಾಲಿಯ ಜಾಗ, ತಾರೀಕು ಬೇರೆ ಬೇರೆ. ಪ್ರಕಟಣೆ ಬಂದಾಗ ಬೆಳಗಾವಿ ಕಚೇರಿಯದನ್ನೇ ನೋಡಿ.