ಮಂಜೇಶ್ವರಕ್ಕೆ ಅಂಟಿದ ಸೊನ್ನೆ: ಕಾಸರಗೋಡಿನ ಊರ ಬೋರ್ಡುಗಳ ಹಿಂದಿನ ಕತೆ

ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿ ಕಾಸರಗೋಡಿನ ಕಡೆ ಬರುವಾಗ ಬೋರ್ಡುಗಳನ್ನು ಸುಮ್ನೆ ಓದುತ್ತಾ ಬನ್ನಿ. ಒಂದರಲ್ಲಿ ಮಂಜೇಶ್ವರ, ಮುಂದಿನದರಲ್ಲಿ ಮಂಜೇಶ್ವರಂ. ಒಂದು ಸೊನ್ನೆಯ ವ್ಯತ್ಯಾಸ, ಅಷ್ಟೇ. ಆದರೆ ಆ ಸೊನ್ನೆಗಾಗಿ ಇಲ್ಲಿ ಎಷ್ಟು ಮನವಿಪತ್ರಗಳು ಹೋಗಿವೆಯೋ!

ಈ ನೆಲದ ಹಳೆಯ ಬೋರ್ಡುಗಳು ಕಲ್ಲಿನವು. ಕಾಸರಗೋಡು ಪೇಟೆಗೆ ತಾಗಿದ ತಳಂಗರೆಯಲ್ಲಿ ಸಿಕ್ಕಿದ ಕನ್ನಡ ಶಾಸನ ಸುಮಾರು 10ನೇ ಶತಮಾನದ್ದು. ಆಮೇಲೆ ಇಕ್ಕೇರಿಯ ನಾಯಕರು ಬಂದರು, ಬೇಕಲ, ಚಂದ್ರಗಿರಿ, ಹೊಸದುರ್ಗಗಳಲ್ಲಿ ಕೋಟೆ ಕಟ್ಟಿದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರು ಬಂದರು, ಊರು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಲಿ ಎಂದು 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು. ಅದು ಕಾಗದದಲ್ಲೇ ಉಳಿಯಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಗಡಿಯ ಜಗಳ ತಣ್ಣಗಾದ ಮೇಲೆ ಉಳಿದದ್ದು ಹೆಸರಿನ ಜಗಳ.

ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲಿ ಇಲ್ಲಿನ ಕನ್ನಡಿಗರಿಗೆ ಒಂದು ಜಾಗ ಉಂಟು. ಸರಕಾರದ ಜೊತೆ, ಇಲ್ಲಿನ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಆದರೆ ಕಾಯಿದೆ ಕಚೇರಿಯೊಳಗೆ ಇರುತ್ತದೆ, ಬೋರ್ಡು ಬಿಸಿಲಿನಲ್ಲಿ ನಿಂತಿರುತ್ತದೆ. ಬೋರ್ಡು ಬರೆಯುವವನಿಗೆ ಕನ್ನಡ ಬಾರದಿದ್ದರೆ ಮಲಯಾಳದ ಉಚ್ಚಾರವನ್ನೇ ಕನ್ನಡ ಅಕ್ಷರಕ್ಕೆ ಇಳಿಸುತ್ತಾನೆ. ಸೊನ್ನೆ ಬರುವುದು ಹಾಗೆ. ಅವನನ್ನು ಬೈದು ಪ್ರಯೋಜನವಿಲ್ಲ. ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದನ್ನು ಅವನು ಬರೆದಿದ್ದಾನೆ.

2021ರ ಜೂನ್‌ನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಹತ್ತಾರು ಊರುಗಳ ಕನ್ನಡ, ತುಳು ಹೆಸರು ಬದಲಾಗುತ್ತದಂತೆ ಎಂದು ಪತ್ರಿಕೆಗಳಲ್ಲಿ ಪಟ್ಟಿಯೇ ಬಂತು. ಮಧೂರು ಮಧುರಂ, ಮಲ್ಲ ಮಲ್ಲಂ, ಪಿಲಿಕುಂಜೆ ಪುಲಿಕುನ್ನು, ಹೊಸದುರ್ಗ ಪುದಿಯಕೋಟ. ಅಂಥ ತೀರ್ಮಾನವೇ ಇಲ್ಲ ಎಂದು ಕೇರಳದ ಕಡೆಯಿಂದ ಸ್ಪಷ್ಟನೆ ಬಂತು, ಗಲಾಟೆ ತಣಿಯಿತು.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಸಂಗತಿ ಅಷ್ಟು ಸರಳವಲ್ಲ. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಮಲಯಾಳದಲ್ಲಿ ಪುಲಿ. ಕುಂಜ ಗುಡ್ಡೆ, ಕುನ್ನು ಕೂಡ ಗುಡ್ಡೆಯೇ. ಪುದಿಯಕೋಟ ಅಂದರೂ ಹೊಸ ಕೋಟೆಯೇ ಅಲ್ವಾ? ಇಲ್ಲಿನ ಮಲಯಾಳಿಗಳು ನೆಲ್ಲಿಕುನ್ನು ಎನ್ನುತ್ತಾರೆ, ನಾವು ನೆಲ್ಲಿಕುಂಜ ಎನ್ನುತ್ತೇವೆ, ಒಂದೇ ಬಸ್ಸಿನಲ್ಲಿ ಇಳಿಯುತ್ತೇವೆ. ಎರಡು ಹೆಸರು ಇರುವುದು ತೊಂದರೆಯಲ್ಲ. ಎರಡರಲ್ಲಿ ಒಂದು ಬೋರ್ಡಿನಿಂದ ಇಳಿದುಹೋದರೆ ತೊಂದರೆ.

ಕಾರಡ್ಕ, ಬೇಡಡ್ಕಗಳನ್ನೇ ತೆಗೆದುಕೊಳ್ಳಿ. ಅಡ್ಕ ಅಂದರೆ ಗದ್ದೆ ತೋಟ ಆಗದ, ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಬಯಲು. ಮಳೆಗಾಲದಲ್ಲಿ ಹುಲ್ಲು, ಬೇಸಗೆಯಲ್ಲಿ ಬರೀ ಕಾದ ಕಲ್ಲು. ಆ ಊರು ಹೇಗಿತ್ತು ಎಂದು ಹೆಸರೇ ಹೇಳುತ್ತದೆ. ಬೇಡಡ್ಕ ಬೇಡಗಂ ಆದ ಕೂಡಲೇ ಅಡ್ಕ ಮಾಯ. ಬೇಕಲ ಕೋಟೆಗೆ ಪುರಾತತ್ವ ಇಲಾಖೆಯ ರಕ್ಷಣೆ ಉಂಟು. ಅಡ್ಕಕ್ಕೆ ಯಾರು ಫಲಕ ಹಾಕುತ್ತಾರೆ? ಅದಕ್ಕೆ ಇರುವ ಫಲಕ ಊರ ಹೆಸರು ಮಾತ್ರ.

ಈಗ ಹೆದ್ದಾರಿಯ ಸರದಿ. ಹಳೆಯ ರಾಷ್ಟ್ರೀಯ ಹೆದ್ದಾರಿ 17 ಈಗ 66 ಆಗಿ, 45 ಮೀಟರ್ ಅಗಲದ ಆರು ಪಥವಾಗಿದೆ. ಅಗಲ ಮಾಡುವಾಗ ಮರ, ಬಸ್ ಸ್ಟಾಪು, ಹಳದಿ ತಲೆಯ ಕಿಲೋಮೀಟರ್ ಕಲ್ಲು ಎಲ್ಲವೂ ಹೋದವು. ನಮ್ಮ ಸ್ಟಾಪಿನಲ್ಲಿ ಊರವರೇ ದುಡ್ಡು ಹಾಕಿ ಬರೆಸಿದ ಸಿಮೆಂಟಿನ ಬೋರ್ಡು ಇತ್ತು. ಕನ್ನಡ ಮೇಲೆ, ಮಲಯಾಳ ಕೆಳಗೆ, ಬದಿಯಲ್ಲಿ ಯಾರೋ ಹುಡುಗರು ಗೀಚಿದ ಕ್ರಿಕೆಟ್ ಸ್ಕೋರು. ಒಂದು ದಿನ ನೋಡಿದರೆ ಮಣ್ಣಿನ ರಾಶಿಯ ಮೇಲೆ ಕವುಚಿ ಬಿದ್ದಿತ್ತು. ಮರುದಿನ ಅದೂ ಇರಲಿಲ್ಲ. ಈಗ ತಲೆಯ ಮೇಲೆ ದೊಡ್ಡ ಹಸಿರು ಬೋರ್ಡು ಬಂದಿದೆ. ಅದರಲ್ಲಿ ದೂರದ ಪೇಟೆಗಳ ಹೆಸರು ಜಾಸ್ತಿ, ಕೆಳಗಿನ ಊರಿನದು ಇಲ್ಲ.

ನನ್ನ ದೊಡ್ಡಮ್ಮನಿಗೆ ಮಲಯಾಳ ಓದಲು ಬರುವುದಿಲ್ಲ. ಬಸ್ಸಿನ ಬಣ್ಣ ನೋಡಿಯೇ ಹತ್ತುವವಳು. ಬೋರ್ಡು ಹೋದ ಮೇಲೆ ಎಲ್ಲಿ ಇಳಿಯುತ್ತಿ ಎಂದು ಕೇಳಿದೆ. "ಫ್ಲೈಓವರಿನ ಮೂರನೇ ಕಂಬದ ಹತ್ತಿರ" ಅಂದಳು.