ಟೇಪಿನಲ್ಲಿ ಉಳಿದ ಐದು ಸೆಕೆಂಡು

1980ರ ಡಿಸೆಂಬರ್ 28, ಬೆಳಗಿನ ಜಾವ. ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ರೆಂಡಲ್‌ಶಮ್ ಕಾಡಿನಲ್ಲಿ ಪಕ್ಕದ ನೆಲೆಯಲ್ಲಿದ್ದ ಅಮೆರಿಕ ವಾಯುಪಡೆಯ ಅಧಿಕಾರಿ ಚಾರ್ಲ್ಸ್ ಹಾಲ್ಟ್ ತಮ್ಮ ಜನರ ಜೊತೆ ನಡೆಯುತ್ತಿದ್ದರು. ಅಲ್ಲಿ ವಿಚಿತ್ರ ಬೆಳಕು ಕಂಡಿದೆ ಎಂದು ಕಾವಲಿನವರು ಹೇಳಿದ್ದರು. ಹಾಲ್ಟ್ ಕೈಯಲ್ಲಿ ಪುಟ್ಟ ರೆಕಾರ್ಡರ್ ಇತ್ತು. ಕಂಡಿದ್ದನ್ನೆಲ್ಲ ಅದಕ್ಕೆ ಹೇಳುತ್ತಾ, ನಡುನಡುವೆ ಆಫ್ ಮಾಡುತ್ತಾ ಹೋದರು. ಹೀಗೆ ಉಳಿದದ್ದು ಸುಮಾರು 18 ನಿಮಿಷದ ಟೇಪ್. ಹಾರುವ ತಟ್ಟೆಗಳನ್ನು ನಂಬುವವರಿಗೆ ಇದು ದೊಡ್ಡ ಸಾಕ್ಷಿ.

ಬ್ರಿಟನ್ನಿನ ವಿಜ್ಞಾನ ಬರಹಗಾರ ಇಯಾನ್ ರಿಡ್‌ಪಾತ್ ಅದೇ ಟೇಪನ್ನು ಗಡಿಯಾರ ಹಿಡಿದು ಕೇಳಿದರು. ಬೆಳಕು ಕಂಡಾಗಲೆಲ್ಲ ಯಾರೋ ಕೂಗುತ್ತಾರೆ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಹೆಚ್ಚುಕಡಿಮೆ ಐದು ಸೆಕೆಂಡು. ಅದೇ ದಿಕ್ಕಿನಲ್ಲಿ, ಸಮುದ್ರದ ದಂಡೆಯ ಮೇಲೆ, ಆರ್ಫರ್ಡ್ ನೆಸ್ ದೀಪಸ್ತಂಭ ಇತ್ತು. ಅದು ಮಿನುಗುತ್ತಿದ್ದದ್ದೂ ಐದು ಸೆಕೆಂಡಿಗೊಮ್ಮೆ. ಹಾಲ್ಟ್ ಈ ವಿವರಣೆಯನ್ನು ಒಪ್ಪಿಲ್ಲ, ಆ ವಾದ ಇನ್ನೂ ನಡೆದಿದೆ. ನನಗಂತೂ ದೀಪಸ್ತಂಭದ ಲೆಕ್ಕವೇ ಸರಿ ಅನ್ನಿಸುತ್ತದೆ. ಆದರೆ ಇಲ್ಲಿ ನನಗೆ ಮುಖ್ಯವಾದದ್ದು ಬೇರೆ. ಆ ಐದು ಸೆಕೆಂಡು ಯಾವ ಬರಹದಲ್ಲೂ ಇರಲಿಲ್ಲ. ಹಾಲ್ಟ್ ಬ್ರಿಟನ್ನಿನ ರಕ್ಷಣಾ ಇಲಾಖೆಗೆ ಕಳಿಸಿದ ವರದಿಯಲ್ಲಿ ಇರಲಿಲ್ಲ. ಅದು ಇದ್ದದ್ದು ಎರಡು ಕೂಗುಗಳ ನಡುವಿನ ಖಾಲಿ ಜಾಗದಲ್ಲಿ. ಯಾರಾದರೂ ಟೇಪನ್ನು ‘ಚೊಕ್ಕ’ ಮಾಡಲು ಹೋಗಿ ಮಾತಿಲ್ಲದ ಜಾಗ ಕತ್ತರಿಸಿದ್ದರೆ ಆ ಲೆಕ್ಕವೇ ಸಿಗುತ್ತಿರಲಿಲ್ಲ. ದೀಪಸ್ತಂಭವನ್ನು ಹೋಗಿ ನೋಡೋಣ ಅಂದರೆ ಅದೂ ಈಗ ಇಲ್ಲ. 2013ರಲ್ಲಿ ಆರಿತು, 2020ರಲ್ಲಿ ಕೆಡವಿದರು.

ಹಳೆಯ ದನಿಗಳನ್ನು ಮೂಲದಲ್ಲಿ ಹೇಗಿತ್ತೋ ಹಾಗೇ ಉಳಿಸಬೇಕು ಅನ್ನುವುದು ಇದಕ್ಕೇ. ಹೇಳಿದ ಮಾತು ನಿಜವೋ ಸುಳ್ಳೋ ಎಂದು ಮೊದಲೇ ತೀರ್ಪು ಕೊಟ್ಟು ‘ಇದೇನು ಮಹಾ’ ಅಂತ ಎಸೆದರೆ, ನಾಳೆ ಪರೀಕ್ಷೆ ಮಾಡುವವರಿಗೆ ಏನೂ ಸಿಗುವುದಿಲ್ಲ.

ಅಮೆರಿಕದ ವಾಯುಪಡೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಹೆಸರಲ್ಲಿ ಇಂಥ ಘಟನೆಗಳನ್ನು ಪರಿಶೀಲಿಸಿ 1969ರಲ್ಲಿ ನಿಲ್ಲಿಸಿತು. 1947ರಿಂದ ಒಟ್ಟು 12,618 ವರದಿಗಳು, ಅದರಲ್ಲಿ 701 ಏನೆಂದು ಗೊತ್ತಾಗಲಿಲ್ಲ. ಆ ಕಡತಗಳು ಈಗ ಅಲ್ಲಿನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಅರಿಝೋನಾ ವಿಶ್ವವಿದ್ಯಾಲಯದ ವಾತಾವರಣ ವಿಜ್ಞಾನಿ ಜೇಮ್ಸ್ ಮೆಕ್‌ಡೊನಾಲ್ಡ್ 1960ರ ದಶಕದಲ್ಲಿ ಸಾಕ್ಷಿಗಳನ್ನು ತಾವೇ ಮಾತಾಡಿಸಿ ಟೇಪ್ ಮಾಡಿಕೊಂಡರು. ಸ್ವೀಡನ್ನಿನಲ್ಲಿ 1973ರಿಂದ ಆಸಕ್ತರೇ ಸೇರಿ ಇಂಥ ವರದಿಗಳ ಒಂದು ದೊಡ್ಡ ಸಂಗ್ರಹ ಕಟ್ಟಿದ್ದಾರೆ, ಅದು ಈಗ ನಾರ್ಶೋಪಿಂಗ್ ಊರಿನಲ್ಲಿದೆ.

ನಮ್ಮ ದೇಶದಲ್ಲೂ ಒಂದು ಒಳ್ಳೆ ಉದಾಹರಣೆ ಇದೆ. 2012ರಲ್ಲಿ ಲಡಾಖಿನ ಗಡಿಯಲ್ಲಿ ಹೊಳೆಯುವ ವಸ್ತುಗಳು ಕಾಣುತ್ತಿವೆ ಎಂದು ದೊಡ್ಡ ಸುದ್ದಿಯಾಯಿತು. ಸೈನಿಕರು ಸುಮ್ನೆ ಮಾತಾಡಿಕೊಂಡು ಬಿಡಲಿಲ್ಲ, 329 ಬಾರಿ ಕಂಡದ್ದನ್ನು ಬರೆದಿಟ್ಟರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿದಾಗ ಅವು ಗುರು ಮತ್ತು ಶುಕ್ರ ಗ್ರಹಗಳು ಎಂದು ಗೊತ್ತಾಯಿತು.

ಈಗ ನಮ್ಮ ಕಡೆ ಬನ್ನಿ. ವಿಜಯಪುರದ ಕರಿ ನೆಲದಲ್ಲಿ ಚಳಿಗಾಲದ ಜೋಳ ಕಾಯುವವರು ರಾತ್ರಿಯ ಆಕಾಶವನ್ನು ನಮ್ಮೆಲ್ಲರಿಗಿಂತ ಜಾಸ್ತಿ ನೋಡಿದವರು. ಆ ಕಾಲದಲ್ಲೇ ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ದೊಡ್ಡ ಬಲೂನುಗಳನ್ನು ಬಿಡುತ್ತಾರೆ. ಅವು 30 ಕಿಲೋಮೀಟರಿಗೂ ಮೇಲೆ ಹೋಗುತ್ತವೆ. ಅಷ್ಟು ಎತ್ತರದ ವಸ್ತು ಲೆಕ್ಕದ ಪ್ರಕಾರ 600 ಕಿಲೋಮೀಟರ್ ದೂರದಿಂದಲೂ ದಿಗಂತದ ಮೇಲೆ ಇರುತ್ತದೆ. ನೆಲದಲ್ಲಿ ಹೊತ್ತು ಮುಳುಗಿದರೂ ಅಲ್ಲಿ ಬಿಸಿಲು ಇರುವುದರಿಂದ ಬಲೂನು ಬೆಳ್ಳಗೆ ಹೊಳೆಯುತ್ತದೆ. 2025ರ ಜನವರಿಯಲ್ಲಿ ಅಂಥದ್ದೊಂದು ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಇಳಿದಿತ್ತು. ಹಳೆಯ ಟೇಪಿನಲ್ಲಿ ಹಿರಿಯರೊಬ್ಬರು ‘ಚಂದ್ರನಂಥದ್ದು ಕಂಡಿತ್ತು’ ಅಂದಿದ್ದರೆ, ದಿನ ಮತ್ತು ದಿಕ್ಕು ಗೊತ್ತಿದ್ದರೆ ಸಾಕು, ಅದು ಏನಿತ್ತು ಅಂತ ಹುಡುಕಬಹುದು.

ಆದರೆ ಟೇಪ್ ಬದುಕಿರಬೇಕಲ್ವಾ? ಪಾರಿಜಾತದ ಆಟ, ಗೀಗೀ ಪದ, ಮಠದ ಪ್ರವಚನ, ಅಜ್ಜ ಅಮ್ಮಂದಿರ ಮಾತು, ಇವೆಲ್ಲ ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರೂ ಜಿಲ್ಲೆಗಳ ಟ್ರಂಕು, ಅಟ್ಟಗಳಲ್ಲಿ ಕ್ಯಾಸೆಟ್ಟಾಗಿ ಕೂತಿವೆ. ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. 90 ನಿಮಿಷದ್ದಾದರೆ ದಪ್ಪ ಸುಮಾರು 12 ಮೈಕ್ರೋಮೀಟರ್, ತಲೆಗೂದಲಿಗಿಂತ ಎಷ್ಟೋ ತೆಳು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಒಂದು ಅಂಟಿನಲ್ಲಿ ಹಿಡಿದಿಟ್ಟಿರುತ್ತಾರೆ. 1970–80ರ ದಶಕದ ಕೆಲವು ರೀಲ್ ಟೇಪುಗಳಲ್ಲಿ ಆ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಪುಡಿ ಕಿತ್ತು ಯಂತ್ರದಲ್ಲಿ ದನಿ ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅದರ ಜೊತೆ ದನಿಯೂ ಹೋಗುತ್ತದೆ. ಪರಿಣತರು ಇಂಥ ಟೇಪನ್ನು 50 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದವಾಗಿ ಕಾಯಿಸಿ, ಆಮೇಲೆ ಓಡಿಸುತ್ತಾರೆ. ಮನೆಯ ಓವನ್ನಿನಲ್ಲಿ ದಯವಿಟ್ಟು ಇದನ್ನು ಮಾಡಬೇಡಿ. ಇನ್ನೂ ಹಳೆಯ, ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ರೀಲು ಕೆಡಲು ಶುರುವಾಗಿದ್ದರೆ ಡಬ್ಬಿ ತೆರೆದ ಕೂಡಲೆ ವಿನೆಗರ್ ವಾಸನೆ ಬರುತ್ತದೆ. ಅದನ್ನು ಎಲ್ಲಕ್ಕಿಂತ ಮೊದಲು ಕಾಪಿ ಮಾಡಿಸಿ.

ಬೆಳಗಾವಿ, ಖಾನಾಪುರದ ಮಳೆಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಬರುತ್ತದೆ. ವಿಜಯಪುರ, ಬಾಗಲಕೋಟೆಯ ಬಿಸಿಲಿನ ಕಾಟ ಇನ್ನೊಂದು ಥರ. ಕ್ಯಾಸೆಟ್ ಬಾಯಿಯ ನಡುವೆ ನೋಡಿ. ತೆಳು ತಗಡಿನ ಸ್ಪ್ರಿಂಗ್ ಮೇಲೆ ಉಣ್ಣೆಯ ಒಂದು ಪುಟ್ಟ ತುಂಡು ಅಂಟಿಸಿರುತ್ತಾರೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಸೆಕೆಗೆ ಅಂಟು ಒಣಗಿ ಅದು ಉದುರಿದರೆ ದನಿ ಮಂಕಾಗುತ್ತದೆ. ಜನ ‘ಟೇಪ್ ಹಾಳಾತು’ ಅಂದುಕೊಂಡು ಎಸೆದುಬಿಡುತ್ತಾರೆ. ಟೇಪಿಗೆ ಏನೂ ಆಗಿರುವುದಿಲ್ಲ! ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿ ವರ್ಗಾಯಿಸಿದರೆ ದನಿ ವಾಪಸ್ ಬರುತ್ತದೆ. ಓಡಿಸುವ ಮುಂಚೆ ಬೆನ್ನಿನ ಎರಡು ಪುಟ್ಟ ತುಂಡುಗಳನ್ನು ಮುರಿದುಬಿಡಿ. ಆಗ ತಪ್ಪಿ ಬಟನ್ ಒತ್ತಿದರೂ ಮೇಲೆ ಇನ್ನೊಂದು ರೆಕಾರ್ಡ್ ಆಗುವುದಿಲ್ಲ.

ಕಾಪಿ ಮಾಡುವಾಗ ಎಂಪಿ3 ಬೇಡ. ದನಿ ಸಂಗ್ರಹಗಳ ಅಂತರರಾಷ್ಟ್ರೀಯ ಸಂಘ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಇರಲಿ ಅನ್ನುತ್ತದೆ, 96 ಆದರೆ ಇನ್ನೂ ಚೆನ್ನ. 96ರಲ್ಲಿ ಒಂದು ಗಂಟೆಯ ಸ್ಟೀರಿಯೋ ದನಿಗೆ ಸುಮಾರು 2 ಜಿಬಿ ಬೇಕು. ಈಗಿನ ಕಾಲಕ್ಕೆ ಅದು ಏನೇನೂ ಅಲ್ಲ. ಗುಂಯ್ ಅನ್ನುವ ಸದ್ದು, ಕೆಮ್ಮು, ನಾಯಿ ಬೊಗಳಿದ್ದು, ಮೌನ, ಎಲ್ಲ ಹಾಗೇ ಇರಲಿ. ಆ ಗುಂಯ್‌ಗುಡುವಿಕೆಯಿಂದಲೂ ಉಪಯೋಗ ಇದೆ. ಕರೆಂಟಿಗೆ ಹಾಕಿದ ರೆಕಾರ್ಡರಿನಲ್ಲಿ ಮನೆ ವಿದ್ಯುತ್ತಿನ 50 ಹರ್ಟ್ಸ್ ಸದ್ದು ಸೇರಿರುತ್ತದೆ. ಈಗ ಓಡಿಸಿದಾಗ ಅದು 53 ಹರ್ಟ್ಸ್ ಎಂದು ಬಂದರೆ ವೇಗದಲ್ಲಿ ಏನೋ ಎಡವಟ್ಟಾಗಿದೆ ಅಂತ ಅರ್ಥ. ಆಗಿನ ಕರೆಂಟೂ ಸ್ವಲ್ಪ ಏರಿಳಿಯುತ್ತಿತ್ತು, ಹಾಗಾಗಿ ಇದು ಅಂದಾಜು. ಸದ್ದು ತೆಗೆದು ಚೊಕ್ಕ ಮಾಡಿದ್ದು ಬೇಕೆಂದರೆ ಇನ್ನೊಂದು ಪ್ರತಿಯಲ್ಲಿ ಮಾಡಿಕೊಳ್ಳಿ.

ಕಾಪಿ ಆಯಿತು ಅಂತ ಮೂಲವನ್ನು ಎಸೆಯಬೇಡಿ. ಅಪೊಲೊ 11ರ ಮೂಲ ಟೆಲಿಮೆಟ್ರಿ ಟೇಪುಗಳನ್ನು (ಚಂದ್ರನಿಂದ ಬಂದ ಸಂಕೇತಗಳನ್ನು ಹಿಡಿದಿಟ್ಟ ಟೇಪುಗಳು) ಅಳಿಸಿ ಮತ್ತೆ ಬಳಸಿರಬೇಕು ಎಂದು ನಾಸಾ 2009ರಲ್ಲಿ ಹೇಳಿತು. ಟೀವಿಯಲ್ಲಿ ಬಂದದ್ದಕ್ಕಿಂತ ಸ್ಪಷ್ಟವಾದ ಚಂದ್ರನ ಚಿತ್ರ ಅವುಗಳಲ್ಲಿತ್ತು. ಟೇಪ್ ಓಡಿಸುವ ಯಂತ್ರ, ಬಿಡಿಭಾಗ, ಗೊತ್ತಿರುವ ಮೆಕ್ಯಾನಿಕ್ ಎಲ್ಲ ಕಡಿಮೆಯಾಗುತ್ತಿರುವುದರಿಂದ 2025ರ ಹೊತ್ತಿಗೆ ಈ ಕೆಲಸ ಬಹಳ ಕಷ್ಟವಾಗುತ್ತದೆ ಎಂದು ಯುನೆಸ್ಕೋ 2019ರಲ್ಲೇ ಎಚ್ಚರಿಸಿತ್ತು. ಆ ವರ್ಷವೂ ದಾಟಿತು.

ಪ್ರತಿ ಫೈಲಿನ ಜೊತೆ ಒಂದು ಚೀಟಿ ಇಡಿ. ಯಾರ ದನಿ, ಯಾವತ್ತಿನದು, ಯಾರು ರೆಕಾರ್ಡ್ ಮಾಡಿದ್ದು, ಮಾತಾಡಿದವರು ಒಪ್ಪಿದ್ದಾರೋ. ಕ್ಯಾಸೆಟ್ ಲೇಬಲ್ಲಿನ ಫೋಟೋವನ್ನೂ ಸೇರಿಸಿ. ಊರಿನ ಹೆಸರು ಬರೆಯುವಾಗ ಬಾಗಲಕೋಟೆ ಕಡೆಯವರು ಸ್ವಲ್ಪ ಜಾಸ್ತಿ ಗಮನ ಕೊಡಬೇಕು. ಆಲಮಟ್ಟಿಯ ಹಿನ್ನೀರಿನಿಂದ ಊರೂರುಗಳೇ ಜಾಗ ಬದಲಿಸಿವೆ. 1980ರ ದಶಕದ ಟೇಪಿನಲ್ಲಿ ‘ಊರ ಮೂಡಲಕ್ಕೆ ಬೆಳಕು ಕಂಡ್ತು’ ಅಂದಿದ್ದರೆ ಅದು ಆಮೇಲೆ ಕಟ್ಟಿದ ನವನಗರದ ಮೂಡಲವಲ್ಲ, ಹಳೆ ಊರಿನ ಮೂಡಲ. ಎರಡೂ ಹೆಸರು ಬರೆದಿಡಿ. ಹಳೆ ಊರು ಎಲ್ಲಿತ್ತು ಅಂತ ತೋರಿಸಬಲ್ಲ ಹಿರಿಯರು ಇದ್ದರೆ ಅವರ ಪಕ್ಕ ಕೂತು ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳಿ. ಹಾಗೆ ತೋರಿಸುವಾಗ ಅವರು ಆಡುವ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳಿ.